ಇಪ್ಪತ್ತೇಳನೆಯ ಸದ್ದು

ಹಗಲು ಹೊತ್ತಿನಲ್ಲಿ ಊರಿನವರನ್ನು ಕರೆದು ಮಲಗಿಸಿ, ಪಕ್ಕದ ಕೋಣೆಯಲ್ಲಿ ತಾನು ಕಣ್ಣು ಬಿಟ್ಟುಕೊಂಡು ಕೂರುವುದು ಗೋಂದಮ್ಮನ ಕೆಲಸ. ಗೋಂದಮ್ಮ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ. ಮಲಗಲು ಬಂದವರ ಕೂದಲು ಬಗೆದು, ನೆತ್ತಿ ಒರೆಸಿ, ಬಿಳಿ ಅಂಟು ಹಚ್ಚಿ, ಅದರ ಮೇಲೆ ಒಂದೊಂದಾಗಿ ಹದಿನಾರು ತಂತಿ ಕೂರಿಸುತ್ತಾಳಲ್ಲ, ಅದನ್ನು ನೋಡಿ ಯಾವನೋ ಪುಣ್ಯಾತ್ಮ ಇಟ್ಟದ್ದು. "ಒಂದ್ಸಲ ತಲೆಗೆ ನೀರು ಹಾಕ್ಕೊಂಡ್ರೆ ಹೋಗುತ್ತೆ" ಎಂದು ಅವಳು ಎಲ್ಲರಿಗೂ ಹೇಳುತ್ತಾಳೆ. ಹೋಗುವುದಿಲ್ಲ. ಎರಡು ದಿನ ಕೂದಲಿಂದ ಹೊಟ್ಟಿನ ಹಾಗೆ ಉದುರುತ್ತಿರುತ್ತದೆ. ಹದಿನೈದು ವರ್ಷದಿಂದ ಹೇಳಿಕೊಂಡು ಬಂದ ಈ ಒಂದು ಸುಳ್ಳನ್ನು ಬಿಟ್ಟರೆ, ಅವಳು ಕೆಲಸದಲ್ಲಿ ಬಹಳ ಕಟ್ಟುನಿಟ್ಟಿನ ಹೆಂಗಸು.

ಅಲ್ಲಿ ನಡೆಯುವ ಪ್ರಯೋಗವನ್ನು ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಬಂದವರಿಗೆ ಮೊದಲು ಪರದೆಯ ಮೇಲೆ ನಲವತ್ತೆಂಟು ಚಿತ್ರ ತೋರಿಸುತ್ತಾರೆ. ಒಂದೊಂದು ಚಿತ್ರವೂ ಪರದೆಯ ಒಂದೊಂದು ಜಾಗದಲ್ಲಿ ಮೂಡುತ್ತದೆ, ಮೂಡುವಾಗ ಅದರದೇ ಸದ್ದು ಕೇಳಿಸುತ್ತದೆ. ಬೆಕ್ಕು ಬಂದರೆ ಮಿಯಾಂವ್, ಬಾಗಿಲು ಬಂದರೆ ಚಿಲಕದ ಸದ್ದು, ಹೀಗೆ. ಆಮೇಲೆ ಮಧ್ಯಾಹ್ನ ಒಂದೂವರೆ ಗಂಟೆ ನಿದ್ದೆ. ನಿದ್ದೆ ಚೆನ್ನಾಗಿ ಹತ್ತಿದ ಮೇಲೆ, ಎಚ್ಚರವಾಗದಷ್ಟು ಮೆಲ್ಲಗೆ, ಅದೇ ಸದ್ದುಗಳಲ್ಲಿ ಅರ್ಧದಷ್ಟನ್ನು ಕಿವಿಗೆ ಬಿಡುತ್ತಾರೆ. ಎದ್ದ ಮೇಲೆ ಯಾವ ಚಿತ್ರ ಎಲ್ಲಿತ್ತು ಎಂದು ಕೇಳಿದರೆ, ನಿದ್ದೆಯಲ್ಲಿ ಸದ್ದು ಕೇಳಿಸಿದ್ದ ಚಿತ್ರಗಳ ಜಾಗ ಹೆಚ್ಚು ನೆನಪಿರುತ್ತದೆ. ಮಲಗಿದವನಿಗೆ ತಾನು ಕೇಳಿಸಿಕೊಂಡೆ ಅನ್ನುವುದೇ ಗೊತ್ತಿರುವುದಿಲ್ಲ, ಆದರೆ ತಲೆ ತನ್ನ ಪಾಡಿಗೆ ತಾನು ಕೇಳಿಸಿಕೊಂಡು, ನೆನಪನ್ನು ಗಟ್ಟಿ ಮಾಡಿಕೊಂಡು ಕೂತಿರುತ್ತದೆ. ಪ್ರೊಫೆಸರ್ ನಾಲ್ಕು ಕಡೆ ಹೆಸರು ಮಾಡಿದ್ದು ಇದರಿಂದಲೇ. ಅವರಿಗೆ ಸ್ವಂತ ನಿದ್ದೆ ಮಾತ್ರ ಇಲ್ಲ, ಸಭೆಗಳಲ್ಲಿ ಕೂತಾಗ ಬರುವುದನ್ನು ಬಿಟ್ಟರೆ.

ಆ ನಲವತ್ತೆಂಟು ಸದ್ದುಗಳನ್ನೂ ಹನ್ನೆರಡು ವರ್ಷದ ಹಿಂದೆ ಗೋಂದಮ್ಮನೇ ಊರು ತಿರುಗಿ ಹಿಡಿದು ತಂದಿದ್ದಳು. ಇಪ್ಪತ್ತೇಳನೆಯದು ಹೊಲಿಗೆ ಯಂತ್ರದ ಸದ್ದು. ಅದನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ, ಅಕ್ಕನೇ ಹೊಲಿಯುತ್ತಿದ್ದಳು.

ಹೋದ ವರ್ಷದ ಕೊನೆಗೆ ಪ್ರೊಫೆಸರ್ ಕೈಕೆಳಗೆ ಸಂಶೋಧನೆಗೆಂದು ಒಬ್ಬ ಹುಡುಗಿ ಸೇರಿಕೊಂಡಳು. ಇಪ್ಪತ್ತಾರು ವರ್ಷ, ಬಾಯಿ ತುಂಬ ಪ್ರಶ್ನೆ. ಎದ್ದವರಿಗೆ ಕೊಡುವ ಹಾಳೆಯನ್ನು ನೋಡಿ ಅವಳು ಮೊದಲ ವಾರವೇ ತಗಾದೆ ತೆಗೆದಳು. ಚಿತ್ರ ಎಲ್ಲಿತ್ತು ಎಂದು ಇಷ್ಟು ಕೇಳುತ್ತೀರಿ, ಏಳುವ ಮೊದಲು ಮನಸ್ಸಲ್ಲಿ ಏನಿತ್ತು ಅಂತ ಒಬ್ಬರನ್ನೂ ಯಾಕೆ ಕೇಳಿಲ್ಲ? ಅಂತೂ ಹಾಳೆಯ ಕೊನೆಗೆ ಅದೊಂದು ಪ್ರಶ್ನೆ ಸೇರಿತು. ಗೋಂದಮ್ಮನ ನೆಮ್ಮದಿ ಹಾಳಾದದ್ದು ಅಲ್ಲಿಂದ.

ಮೊದಲು ಬರೆದವರು ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು. ಎಪ್ಪತ್ತು ದಾಟಿದ್ದರೂ ನೆಟ್ಟಗಿದ್ದ ಮನುಷ್ಯ. ಗುಂಡು ಗುಂಡಾದ ಅಕ್ಷರದಲ್ಲಿ ಬರೆದಿದ್ದರು: "ಯಾರೋ ಬಾಗಿಲು ಹಾಕಬೇಡ ಅಂದ ಹಾಗಾಯಿತು." ಗೋಂದಮ್ಮ ಓದಿ, ನಕ್ಕು, ಫೈಲಿಗೆ ಹಾಕಿದಳು. ಎಲ್ಲರೂ ಎರಡು ದಿನ ಬಂದು ಮಲಗಬೇಕು ಎಂಬುದು ಲೆಕ್ಕ. ಮರುದಿನ ಅವರ ತಲೆಗೆ ತಂತಿ ಕೂರಿಸಿ, ದೀಪ ಆರಿಸಿ, ಅವಳು ಬಾಗಿಲ ಹಿಡಿಗೆ ಕೈಹಾಕಿದಾಗ ಮುದುಕರು ಕತ್ತಲಲ್ಲಿ ಮೆಲ್ಲಗೆ ಅಂದರು.

"ಬಾಗಿಲು ಹಾಕ್ಬೇಡಮ್ಮ."

"ಹಾಕ್ಲೇಬೇಕು ಸ್ವಾಮಿ. ಹೊರಗಿನ ಸದ್ದು ಬಂದ್ರೆ ನಮ್ಮ ಕೆಲ್ಸ ಕೆಡುತ್ತೆ."

"ನಿನ್ನೆ ಹಾಕಿದ್ದೆ ಅಲ್ವ, ನಂಗೇನೂ ಅನ್ನಿಸಿರ್ಲಿಲ್ಲ. ಇವತ್ತು ಯಾಕೋ ಬೇಡ ಅನ್ನಿಸ್ತಾ ಇದೆ."

ಅವಳು ಹಾಕಿದಳು. ಬಾಗಿಲು ಬೇಡ ಎನ್ನುವವರು ಹಿಂದೆಯೂ ಆಗೀಗ ಬಂದಿದ್ದರು, ಕತ್ತಲೆಯ ಭಯ ಎಂದುಕೊಂಡು ಅವಳು ಮರೆತಿದ್ದಳು.

ಎರಡು ವಾರ ಬಿಟ್ಟು ಡ್ರೈವಿಂಗ್ ಶಾಲೆಯ ಮೇಡಂ ಬಂದರು. ಬೇರೆಯವರ ಕಾಲು ಬ್ರೇಕಿನ ಮೇಲಿರುವಾಗ ತಾನು ಉಸಿರು ಬಿಗಿಹಿಡಿದು ಕೂತು ಕೂತು ನಿದ್ದೆಯೇ ಹಾರಿಹೋಗಿದೆ ಎಂದು ದೂರಿಕೊಂಡವರು, ತಲೆ ಇಟ್ಟ ಐದೇ ನಿಮಿಷಕ್ಕೆ ಗೊರಕೆ ಹೊಡೆದರು. ಎದ್ದು ಬರೆದದ್ದು: "ಒಬ್ಬಳು ಹೆಂಗಸು. ಬಾಗಿಲ ವಿಷಯ. ಬೈಗುಳವಲ್ಲ." ಮರುದಿನ ಅವರೂ ಬಾಗಿಲು ಸ್ವಲ್ಪ ತೆರೆದಿಡಿ ಎಂದರು. ಒಂದೂವರೆ ತಿಂಗಳಲ್ಲಿ ಮಲಗಿದ್ದು ಹತ್ತೊಂಬತ್ತು ಜನ. ಅವರಲ್ಲಿ ಐವರು ಬಾಗಿಲ ಮಾತು ಬರೆದರು. ಒಬ್ಬರಿಗೊಬ್ಬರ ಮುಖಪರಿಚಯವಿಲ್ಲ.

ಹುಡುಗಿ ಕುಣಿದಾಡಿದಳು. ಪ್ರೊಫೆಸರ್ ಕನ್ನಡಕ ಹಣೆಗೇರಿಸಿ, "ಬಾಗಿಲು ಮುಚ್ಚಿದ ಕೋಣೇಲಿ ಮಲಗಿದೋರಿಗೆ ಬಾಗಿಲಿನ ಕನಸು ಬೀಳದೆ ಇನ್ನೇನಮ್ಮ ಬೀಳುತ್ತೆ?" ಎಂದು ಮಾತು ಮುಗಿಸಿದರು. ಗೋಂದಮ್ಮ ತಾನೂ ತಲೆಯಾಡಿಸಿದಳು. ಆದರೆ ಆ ದಿನ ಅವಳು ಅಂಟು ಹಚ್ಚುವುದನ್ನೇ ಮರೆತು ತಂತಿ ಕೂರಿಸಲು ಹೋದದ್ದನ್ನು ಹುಡುಗಿ ನೋಡಿದಳು.

ಅಂಟು ಯಾಕೆ ಮರೆಯಿತು ಎನ್ನುವುದಕ್ಕೆ ಹನ್ನೆರಡು ವರ್ಷ ಹಿಂದಕ್ಕೆ ಹೋಗಬೇಕು. ಆಗ ಪ್ರಯೋಗ ನಡೆಯುತ್ತಿದ್ದದ್ದು ರಾತ್ರಿ. ಗೋಂದಮ್ಮ ಕಂಡವರ ನಿದ್ದೆ ಕಾದು ಬೆಳಿಗ್ಗೆ ಏಳಕ್ಕೆ ಮನೆಗೆ ಬರುವಳು, ಬಂದು ಮಲಗುವಳು. ಮನೆಯಲ್ಲಿದ್ದದ್ದು ಅವಳು ಮತ್ತು ಅಕ್ಕ, ಇಬ್ಬರೇ. ಮದುವೆ ಇಬ್ಬರಿಗೂ ಒಗ್ಗಿ ಬರಲಿಲ್ಲ, ಅದು ಬೇರೆ ಕತೆ. ಅಕ್ಕ ಮುಂದಿನ ಕೋಣೆಯಲ್ಲಿ ಎಂಟು ಗಂಟೆಗೆ ಹೊಲಿಗೆಗೆ ಕೂರುವಳು. ಕಾಲಿನಿಂದ ತುಳಿಯುವ ಹಳೆಯ ಯಂತ್ರ, ಅದರ ಗಡಗಡ ಸದ್ದಿಗೆ ಗೋಡೆಯೇ ಅದುರುವುದು. ನಿದ್ದೆಗೆಟ್ಟು ಬಂದ ತಂಗಿ ರೇಗುವಳು. "ನಿನ್ನ ಯಂತ್ರಕ್ಕೆ ಬೆಂಕಿ ಬೀಳ" ಎಂದು ಗೊಣಗಿ, ನಡುವಿನ ಬಾಗಿಲನ್ನು ದಡಾರನೆ ಹಾಕಿಕೊಂಡು ಮಲಗುವಳು. ಅಕ್ಕ ಎದುರಾಡುತ್ತಿರಲಿಲ್ಲ.

ಒಂದು ಬೆಳಿಗ್ಗೆ, ಹಾಗೇ ಹಾಕಿದ ಬಾಗಿಲಿನ ಆಚೆ, ಅಕ್ಕ ಯಂತ್ರದ ಮೇಲೆಯೇ ಒರಗಿಬಿಟ್ಟಳು. ತಲೆಯೊಳಗೆ ರಕ್ತನಾಳ ಒಡೆದಿತ್ತು. ಗೋಂದಮ್ಮ ಮಧ್ಯಾಹ್ನ ಒಂದಕ್ಕೆ ಎದ್ದು ಬಾಗಿಲು ತೆರೆದಾಗ ಅಕ್ಕನ ಕೈ ತಣ್ಣಗಾಗಿತ್ತು, ಸೂಜಿ ಅರ್ಧ ಹೊಲಿದ ತೋಳಿನ ಬಟ್ಟೆಯಲ್ಲಿ ಇಳಿದು ನಿಂತಿತ್ತು. ಡಾಕ್ಟರ್ ಒಂಬತ್ತು ಗಂಟೆಯ ಹೊತ್ತಿಗೆ ಆಗಿರಬೇಕು ಎಂದರು. ಕ್ಷಣದಲ್ಲಿ ಹೋಗಿರಬಹುದು, ಐದು ಹತ್ತು ನಿಮಿಷ ಹಿಡಿದಿರಲೂಬಹುದು, ಹೇಳಲಾಗದು ಎಂದೂ ಅಂದರು.

ಆ ಐದು ಹತ್ತು ನಿಮಿಷ ಗೋಂದಮ್ಮನ ಎದೆಯ ಮೇಲೆ ಕೂತವು. ಅಕ್ಕ ಕರೆದಳೇ? ಕರೆದಿದ್ದರೆ ತನಗೆ ಕೇಳಿಸಿತೇ? ಬೇರೆಯವಳಾಗಿದ್ದರೆ ಗೊತ್ತಿಲ್ಲ ಎಂದು ಅತ್ತು ಸುಮ್ಮನಾಗಬಹುದಿತ್ತು. ಇವಳದು ನಿದ್ದೆಯದೇ ಕೆಲಸ. ಮಲಗಿದ ತಲೆ ಬಸ್ಸಿನ ಹಾರನ್ನು ಬಿಟ್ಟೀತು, ಪಾತ್ರೆ ಬಿದ್ದದ್ದನ್ನು ಬಿಟ್ಟೀತು, ತನ್ನ ಹೆಸರನ್ನು ಮಾತ್ರ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹೆಸರು ಕೇಳಿದೊಡನೆ ತಂತಿಯ ಗೆರೆಯಲ್ಲಿ ಒಂದು ದೊಡ್ಡ ಅಲೆ ಏಳುವುದನ್ನು ನೂರು ಸಲ ನೋಡಿದ್ದಳು. ಆದ್ದರಿಂದ ಅವಳು ಒಂದು ತೀರ್ಮಾನ ಮಾಡಿಕೊಂಡಳು. ಅಕ್ಕ ಕರೆದಿದ್ದರೆ ನಾನು ಏಳುತ್ತಿದ್ದೆ. ಏಳಲಿಲ್ಲ, ಅಂದರೆ ಅಕ್ಕ ಕರೆಯಲಿಲ್ಲ. ಹನ್ನೆರಡು ವರ್ಷ ಇದೊಂದನ್ನು ಊರಿಕೊಂಡು ನಡೆದಿದ್ದಳು. ಈಗ ಗುರುತು ಪರಿಚಯ ಇಲ್ಲದವರೆಲ್ಲ ಮಲಗೆದ್ದು ಬಾಗಿಲು ಹಾಕಬೇಡ ಅನ್ನುತ್ತಿದ್ದಾರೆ. ಅಂಟು ಮರೆಯದೆ ಇನ್ನೇನು?

ಬಾಗಿಲ ಮಾತು ತಂದ ಆರನೆಯವನು ಕ್ಷೌರಿಕ. ತಮಾಷೆಯ ಆಸಾಮಿ. "ನಾನು ದಿನಾ ಬೇರೆಯವ್ರ ತಲೆ ಹಿಡೀತೀನಿ, ಇವತ್ತು ನೀವು ನನ್ನ ತಲೆ ಹಿಡ್ದ್ರಿ" ಎಂದು ನಗಿಸುತ್ತಲೇ ಮಲಗಿದ. ಎದ್ದಾಗ ನಗಲಿಲ್ಲ. ಹಾಳೆ ಕೈಗೆ ಕೊಟ್ಟರೆ ಬರೆಯದೆ ಹಾಗೇ ಕೂತ.

"ಏನಾಯ್ತಪ್ಪ?"

"ಯಾರೋ ಕರೆದ್ರು. ಆದ್ರೆ ನನ್ನನ್ನಲ್ಲ. ನನ್ನ ಹೆಸರಲ್ಲ ಅದು."

ಯಾವ ಹೆಸರು ಎಂದು ಗೋಂದಮ್ಮ ಕೇಳಲಿಲ್ಲ. ಹುಡುಗಿ ಕೇಳಿದಳು.

"ಮೊಂಡಿ ಅಂತ," ಎಂದ ಕ್ಷೌರಿಕ. "ಹೆಸರೋ, ಬಯ್ಗಳೋ. ಪ್ರೀತಿಯಿಂದ ಅಂದ ಹಾಗಿತ್ತು. ಮೊಂಡಿ, ಬಾಗಿಲು ಹಾಕ್ಬೇಡ ಅಂತ."

ಗೋಂದಮ್ಮ ಎದ್ದು ಹೊರಗೆ ಹೋದಳು. ಕೈತೊಳೆಯುವ ತೊಟ್ಟಿಯ ಮುಂದೆ ನಲ್ಲಿ ಬಿಟ್ಟುಕೊಂಡು ಎಷ್ಟೋ ಹೊತ್ತು ನಿಂತಳು. ಮೊಂಡಿ ಎಂದು ಅವಳನ್ನು ಕರೆಯುತ್ತಿದ್ದದ್ದು ಲೋಕದಲ್ಲಿ ಒಬ್ಬಳೇ. ಚಿಕ್ಕಂದಿನಲ್ಲಿ ತಂಗಿ ಹಟ ಹಿಡಿದು ಹೊಸಿಲ ಮೇಲೆ ಕೂತರೆ ಏಳುತ್ತಿರಲಿಲ್ಲ ಎಂದು ಅಕ್ಕ ಇಟ್ಟ ಹೆಸರು. ಅಕ್ಕ ಹೋದ ಮೇಲೆ ಆ ಹೆಸರನ್ನು ಅವಳು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಭಯ ಎಂದರೆ ಏನು ಎಂದು ಆ ಮಧ್ಯಾಹ್ನ, ಬಿಸಿಲು ತುಂಬಿದ ವರಾಂಡದಲ್ಲಿ ನಿಂತು ಅವಳಿಗೆ ತಿಳಿಯಿತು. ಭಯದ ಅಡಿಯಲ್ಲಿ ಆಸೆಯೂ ಇತ್ತು, ಅದು ಅವಳನ್ನು ಇನ್ನಷ್ಟು ಹೆದರಿಸಿತು.

ಹುಡುಗಿ ಹಿಂದೆಯೇ ಬಂದು ನಲ್ಲಿ ನಿಲ್ಲಿಸಿದಳು.

"ಗೋಂದಮ್ಮ, ಒಂದು ಮಾತು ಕೇಳ್ಲಾ? ಇಪ್ಪತ್ತೇಳು ಬಂದಾಗೆಲ್ಲ ಸ್ಪೀಕರ್ ಯಾಕೆ ತಗ್ಗಿಸ್ತೀರಿ?"

"ಯಾವ ಸ್ಪೀಕರು?"

"ನಮ್ಮ ಕೋಣೇದು. ಒಳಗೆ ಏನು ಕೇಳಿಸ್ತಿದೆ ಅಂತ ನಾವು ಕೇಳೋಕೆ ಇಟ್ಟಿರೋದು. ಅದರ ಸರದಿ ಬರ್ತಿದ್ದ ಹಾಗೆ ನಿಮ್ಮ ಎಡಗೈ ಹೋಗಿ ಗುಂಡಿ ತಿರುಗಿಸುತ್ತೆ. ಮುಂದಿನದಕ್ಕೆ ಮತ್ತೆ ಏರಿಸುತ್ತೆ. ನಾನು ಬಂದಾಗಿಂದ ನೋಡ್ತಿದೀನಿ. ಅದೂ ಒಂದು ನಿಯಮ ಇರಬೇಕು ಅಂದ್ಕೊಂಡಿದ್ದೆ."

ಗೋಂದಮ್ಮ ತನ್ನ ಎಡಗೈಯನ್ನು ನೋಡಿಕೊಂಡಳು. ಅಕ್ಕ ಹೋದ ಹೊಸದರಲ್ಲಿ ಆ ಗಡಗಡ ಕೇಳಲಾಗದೆ ಸ್ಪೀಕರ್ ತಗ್ಗಿಸುತ್ತಿದ್ದದ್ದು ನೆನಪಿತ್ತು. ಒಂದು ವಾರವೋ, ಒಂದು ತಿಂಗಳೋ. ಆಮೇಲೆ ಬಿಟ್ಟೆ ಎಂದೇ ತಿಳಿದಿದ್ದಳು. ಬಿಟ್ಟಿದ್ದು ಅವಳು, ಕೈಯಲ್ಲ. ಹನ್ನೆರಡು ವರ್ಷ ಆ ಸದ್ದನ್ನು ಕಂಡಕಂಡವರ ಕಿವಿಗೆ ಬಿಟ್ಟವಳು ಒಂದು ಸಲವೂ ತಾನು ಕೇಳಿಸಿಕೊಂಡಿರಲಿಲ್ಲ.

ಇಬ್ಬರೂ ಕೋಣೆಗೆ ಹೋಗಿ ಕೂತರು. ಹುಡುಗಿ ಇಪ್ಪತ್ತೇಳನ್ನು ಪೂರ್ತಿ ಏರಿಸಿ ಹಾಕಿದಳು. ಮೂರು ಸೆಕೆಂಡಿನ ಸದ್ದು. ಯಂತ್ರದ ಗಡಗಡ, ಅದರ ಅಡಿಯಲ್ಲಿ, ತುಟಿ ಹೆಚ್ಚು ತೆರೆಯದೆ ಆಡಿದ ಒಂದು ಮಾತು. ಎಚ್ಚರಿದ್ದವರಿಗೆ ಯಂತ್ರ ಮಾತ್ರ ಕೇಳಿಸುವಂಥದು, ಯಾಕೆಂದರೆ ಎಚ್ಚರಿದ್ದವರು ಯಂತ್ರದ ಚಿತ್ರ ನೋಡುತ್ತ ಯಂತ್ರಕ್ಕೇ ಕಿವಿ ಕೊಟ್ಟಿರುತ್ತಾರೆ. ಮಲಗಿದವರಿಗೆ ಆ ಕಟ್ಟಿಲ್ಲ. ಮೂರನೆಯ ಸಲಕ್ಕೆ ಗೋಂದಮ್ಮನಿಗೂ ಬಿಡಿಸಿ ಕೇಳಿಸಿತು.

"ದೆವ್ವ ಅಲ್ಲ," ಎಂದಳು ಹುಡುಗಿ, ಸಮಾಧಾನದ ದನಿಯಲ್ಲಿ.

"ಅಲ್ಲ," ಎಂದಳು ಗೋಂದಮ್ಮ. "ನನ್ನ ಅಕ್ಕ."

ಎಲ್ಲ ನೆನಪಾಯಿತು. ಅಕ್ಕ ಹೋಗುವ ಮೂರು ವಾರ ಮೊದಲಿನ ಮಾತು. ಸದ್ದು ಹಿಡಿಯುವ ಯಂತ್ರವನ್ನು ಗೋಂದಮ್ಮ ಹೊಲಿಗೆ ಮೇಜಿನ ಮೇಲಿಟ್ಟು, "ಎರಡು ನಿಮಿಷ ಹೊಲೀತಾ ಇರು, ಬಾಯಿ ಬಿಡ್ಬೇಡ" ಎಂದು ಹೇಳಿ, ಯಾವ ಸದ್ದೂ ಸೇರದಿರಲಿ ಎಂದು ಬಾಗಿಲೆಳೆದುಕೊಂಡು ಹೋಗಿದ್ದಳು. ಎರಡು ನಿಮಿಷ ಬಿಟ್ಟು ಬರುತ್ತೇನೆಂದವಳು ಹಾಸಿಗೆಯ ಅಂಚಿಗೆ ಕೂತದ್ದೇ, ನಿದ್ದೆ ಎಳೆದುಕೊಂಡಿತ್ತು. ಆಮೇಲೆ ಲ್ಯಾಬಿನಲ್ಲಿ ಕೂತು ಮೂರು ಸೆಕೆಂಡು ಕತ್ತರಿಸಿದಾಗ ಅವಳು ಕೇಳಿ ಕತ್ತರಿಸಿರಲಿಲ್ಲ, ನೋಡಿ ಕತ್ತರಿಸಿದ್ದಳು. ಪರದೆಯ ಮೇಲೆ ಸದ್ದಿನ ಗೆರೆ ಎಲ್ಲಿ ಎತ್ತರವಿದೆಯೋ ಅಲ್ಲಿ ಒಂದು ತುಂಡು. ನಲವತ್ತೆಂಟು ಸದ್ದು ಕತ್ತರಿಸುವವರು ಎಲ್ಲರೂ ಹಾಗೆಯೇ ಮಾಡುತ್ತಾರೆ. ಅಕ್ಕನೂ ಹಾಗೆಯೇ, ಬಟ್ಟೆಗೆ ಟೇಪು ಹಿಡಿಯದೆ ಕಣ್ಣಳತೆಯಲ್ಲೇ ಕತ್ತರಿ ಓಡಿಸುತ್ತಿದ್ದಳು. ಅಕ್ಕನ ಬಟ್ಟೆ ಒಂದು ದಿನವೂ ಕೆಟ್ಟಿದ್ದಿಲ್ಲ.

ಹಳೆಯ ಮೆಮೊರಿ ಕಾರ್ಡುಗಳನ್ನು ಗೋಂದಮ್ಮ ಎಸೆಯುವವಳಲ್ಲ. ಖಾಲಿ ಅಂಟಿನ ಡಬ್ಬಿಯಲ್ಲಿ ಹಾಕಿ, ಬೀರುವಿನ ಕೆಳಗಿನ ಸಾಲಿನಲ್ಲಿಟ್ಟಿದ್ದಳು. ಅಂದಿನ ಕಾರ್ಡಿನಲ್ಲಿ ಎರಡು ನಿಮಿಷವಲ್ಲ, ನಲವತ್ತು ನಿಮಿಷ ಇತ್ತು. ಮುಟ್ಟಿದರೆ ಎಲ್ಲಿ ಕೆಡುತ್ತದೋ ಎಂದು ಅಕ್ಕ ಅದನ್ನು ಮುಟ್ಟದೆ ಹಾಗೇ ಬಿಟ್ಟಿದ್ದಳು. ಅದು ಕೇಳಿಸಿಕೊಳ್ಳುತ್ತಲೇ ಇತ್ತು.

ಮೊದಲು ಗಡಗಡ. ಅದರೊಳಗೆ, "ಮೊಂಡಿ, ಬಾಗಿಲು ಹಾಕ್ಬೇಡ." ಬಾಯಿ ಬಿಡಬೇಡ ಎಂದಿದ್ದರಿಂದ ಆದಷ್ಟು ಮೆತ್ತಗೆ ಆಡಿದ ಮಾತು. ಬಾಗಿಲು ಮುಚ್ಚಿದ ಸದ್ದು. ಯಂತ್ರ ನಿಂತಿತು. "ಹಾಕೇಬಿಟ್ಲು," ಎಂದಳು ಅಕ್ಕ, ತನಗೇ. "ಇವಳ ಗೊರಕೆ ಕಿವಿಗೆ ಬೀಳ್ತಾ ಇದ್ರೆ ನಂಗೆ ಹೊಲಿಗೆ ಸಾಗೋದು. ಅದು ಅವಳಿಗೆ ಹೇಗೆ ಹೇಳೋದು, ಗೊರಕೆ ಹೊಡೀತೀಯ ಅಂದ್ರೆ ನನ್ನ ತಿಂದೇಬಿಡ್ತಾಳೆ." ಒಂದು ಸಣ್ಣ ನಗು. "ಮಲಗ್ಲಿ. ರಾತ್ರಿಯೆಲ್ಲ ಕಂಡೋರ ನಿದ್ದೆ ಕಾದು ಬಂದಿದಾಳೆ."

ಆಮೇಲೆ ಗಡಗಡ ಮತ್ತೆ ಬರಲಿಲ್ಲ. ಟಿಕ್ ಎಂದು ಒಂದು ಸದ್ದು, ತುಸು ಬಿಟ್ಟು ಇನ್ನೊಂದು ಟಿಕ್. ಏನದು ಎಂದು ಹುಡುಗಿ ಕಣ್ಣಲ್ಲೇ ಕೇಳಿದಳು.

"ಕಾಲು ತೆಗೆದು, ಕೈಯಲ್ಲಿ ಚಕ್ರ ತಿರುಗಿಸ್ತಿದಾಳೆ," ಎಂದಳು ಗೋಂದಮ್ಮ. "ಒಂದೊಂದೇ ಹೊಲಿಗೆ. ಸದ್ದಾಗ್ಬಾರ್ದು ಅಂತ."

ನಲವತ್ತು ನಿಮಿಷ ಅದೇ ಟಿಕ್. ಯಂತ್ರಕ್ಕೆ ಬೆಂಕಿ ಬೀಳ ಎಂದು ಶಪಿಸಿ ಮಲಗಿದ ಬೆಳಗುಗಳಲ್ಲೆಲ್ಲ, ತಾನು ಮಲಗಿದ ಮೇಲೆ ಅಕ್ಕ ಹೀಗೆ ಕೂತು ದಿನದ ಕೆಲಸವನ್ನು ಎರಡು ದಿನಕ್ಕೆ ಎಳೆಯುತ್ತಿದ್ದಳು ಎಂದು ತಂಗಿಗೆ ಗೊತ್ತಾದದ್ದು ಈಗ. ಬಾಗಿಲು ಹಾಕಿದರೆ ಸದ್ದು ಬರುವುದಿಲ್ಲ, ನೋಡು, ಎಂದು ಅವಳು ಅಕ್ಕನಿಗೇ ಹೇಳಿದ್ದುಂಟು. ಗೋಂದಮ್ಮ ಅತ್ತಳು. ಮೂಗು ಒರೆಸಿಕೊಳ್ಳಲು ತಂತಿ ಒರೆಸುವ ಹತ್ತಿಯೇ ಸಿಕ್ಕಿತು.

ಅಳು ಮುಗಿದ ಮೇಲೆ ಉಳಿದದ್ದು ಹಳೆಯ ಪ್ರಶ್ನೆಯೇ, ಈಗ ಇನ್ನೂ ಮೊನಚಾಗಿ. ಅಕ್ಕ ತಂಗಿಯ ನಿದ್ದೆ ಕೆಡದ ಹಾಗೆ ಮಾತಾಡುವವಳು. ತಲೆ ಸಿಡಿದಾಗಲೂ ಅವಳು ಕಿರುಚಿರಲಾರಳು. ಇಷ್ಟೇ ಮೆತ್ತಗೆ, ಮೊಂಡಿ, ಎಂದಿರುತ್ತಾಳೆ. ಅಷ್ಟು ಮೆತ್ತಗಿನ ದನಿ ತನ್ನ ನಿದ್ದೆಯೊಳಕ್ಕೆ ಇಳಿಯುತ್ತದೆಯೇ? ಇದನ್ನು ತಿಳಿಯುವ ದಾರಿ ಲೋಕದಲ್ಲಿ ಎಲ್ಲಿಯಾದರೂ ಇದ್ದರೆ, ಅದು ಈ ಎರಡು ಕೋಣೆಗಳಲ್ಲಿತ್ತು.

"ನಾಳೆ ಮಧ್ಯಾಹ್ನ ಯಾರೂ ಇಲ್ಲ ಅಲ್ವ," ಎಂದಳು ಗೋಂದಮ್ಮ. "ನಂಗೆ ತಂತಿ ಹಾಕು."

"ಬೇಡ ಗೋಂದಮ್ಮ. ಏನು ಬಂದ್ರೂ ನಿಮಗೆ ಒಳ್ಳೇದಾಗಲ್ಲ."

"ನನ್ನ ಹೆಸರು ಏನು ಅಂತ ಕೇಳಿಸ್ಕೊಂಡ್ಯಲ್ಲ. ಮೊಂಡಿ."

ಮರುದಿನ ಹುಡುಗಿ ಅಂಟು ಹಚ್ಚಿದಳು. ಹದಿನಾರರಲ್ಲಿ ಮೂರು ತಂತಿ ಸೊಟ್ಟಗೆ ಕೂತವು, ಗೋಂದಮ್ಮ ಕನ್ನಡಿ ಹಿಡಿದು ತಿದ್ದಿಸಿದಳು. "ತಲೆಗೆ ನೀರು ಹಾಕ್ಕೊಂಡ್ರೆ ಹೋಗುತ್ತೆ" ಎಂದು ಹುಡುಗಿ ಅಂದಾಗ ಇಬ್ಬರಿಗೂ ಸ್ವಲ್ಪ ನಗು ಬಂತು. ದೀಪ ಆರಿತು. ಬಾಗಿಲು ಮುಚ್ಚಿತು. ಹದಿನೈದು ವರ್ಷ ಬೇರೆಯವರನ್ನು ಮಲಗಿಸಿದ ಆ ಹಾಸಿಗೆಯ ಮೇಲೆ ಅವಳು ಮೊದಲ ಸಲ ಬೆನ್ನು ಹಾಕಿದ್ದು. ನಿದ್ದೆ ಬರಲಾರದು ಎಂದುಕೊಂಡಳು. ಹಿಂದಿನ ರಾತ್ರಿ ಕಣ್ಣು ಮುಚ್ಚಿರಲಿಲ್ಲವಾದ್ದರಿಂದ, ಬಂತು.

ಎದ್ದಾಗ ಕೋಣೆಯಲ್ಲಿ ದೀಪವಿತ್ತು, ಹುಡುಗಿ ಹಾಳೆ ಹಿಡಿದು ನಿಂತಿದ್ದಳು. ನಿಯಮ ಎಂದರೆ ನಿಯಮ, ಮೊದಲು ಹಾಳೆ. ಏಳುವ ಮೊದಲು ಮನಸ್ಸಲ್ಲಿ ಏನಿತ್ತು? ಗೋಂದಮ್ಮ ಪೆನ್ನು ಹಿಡಿದು ತನ್ನೊಳಗೆಲ್ಲ ತಡಕಿದಳು. ಅಕ್ಕ ಪೋಸ್ಟ್‌ಮ್ಯಾನಿಗೆ ಸಿಕ್ಕಿದ್ದಳು, ಡ್ರೈವಿಂಗ್ ಮೇಡಂಗೆ ಸಿಕ್ಕಿದ್ದಳು, ಆ ಕ್ಷೌರಿಕನಿಗೆ ಹೆಸರು ಸಮೇತ ಸಿಕ್ಕಿದ್ದಳು. ಒಡಹುಟ್ಟಿದವಳಿಗೆ ಏನೂ ಸಿಗಲಿಲ್ಲ. "ಏನೂ ಇಲ್ಲ" ಎಂದು ಬರೆದು ಕೊಟ್ಟಳು.

"ಕೇಳ್ಸಿಲ್ಲ ಅಲ್ವ ನಂಗೆ," ಎಂದಳು. ಅದರಲ್ಲಿ ಬಿಡುಗಡೆಯೂ ಇತ್ತು, ಹೊಟ್ಟೆಯುರಿಯೂ ಇತ್ತು.

ಹುಡುಗಿ ಪರದೆಯನ್ನು ಅವಳ ಕಡೆ ತಿರುಗಿಸಿದಳು. ವಿವರಿಸಬೇಕಾಗಿರಲಿಲ್ಲ. ಈ ಗೆರೆಗಳನ್ನು ಓದುವುದನ್ನು ಅವಳಿಗೆ ಕಲಿಸಿದ್ದೇ ಗೋಂದಮ್ಮ. ಕೆಟಲಿನ ಸದ್ದಿಗೆ ಗೆರೆ ಅಲ್ಲಾಡಿರಲಿಲ್ಲ. ಬೆಕ್ಕಿಗೆ ಅಲ್ಲಾಡಿರಲಿಲ್ಲ. ಒಂಬತ್ತನೆಯದು, ಬಾಗಿಲ ಚಿಲಕ, ಅದಕ್ಕೆ ಗೆರೆ ಪುಡಿಪುಡಿಯಾಗಿ ಕೆದರಿತ್ತು, ಅರೆ ಎಚ್ಚರವಾಗಿತ್ತು. ಇಪ್ಪತ್ತೇಳನ್ನು ಹುಡುಗಿ ಹನ್ನೊಂದು ಸಲ ಹಾಕಿದ್ದಳು. ಹನ್ನೊಂದು ಸಲವೂ ಅಲೆ ಎದ್ದಿತ್ತು. ಗೋಂದಮ್ಮ ತನ್ನ ಜೀವಮಾನದಲ್ಲಿ ಅಷ್ಟು ದೊಡ್ಡ ಅಲೆ ನೋಡಿರಲಿಲ್ಲ.

"ಕೇಳ್ಸಿದೆ," ಎಂದಳು.

"ಹೂಂ."

"ಆದ್ರೆ ಎದ್ದಿಲ್ಲ."

"ಇಲ್ಲ."

ಗೋಂದಮ್ಮ ಬೆರಳಿಟ್ಟು ಅಲೆಯ ಮುಂದಿನ ಗೆರೆಯನ್ನು ಹಿಂಬಾಲಿಸಿದಳು. ಪ್ರತಿಯೊಂದು ಅಲೆಯ ಆಚೆಗೂ ಗೆರೆ ನಿಧಾನವಾಗಿ, ಅಗಲವಾಗಿ ಇಳಿದಿತ್ತು. ಆ ಅಲೆ ಎಬ್ಬಿಸುವುದಕ್ಕಷ್ಟೇ ಇರುವುದಲ್ಲ ಎಂದು ಅವಳೇ ಹುಡುಗಿಗೆ ಮೊದಲ ತಿಂಗಳು ಹೇಳಿಕೊಟ್ಟಿದ್ದಳು, ತನ್ನ ಮಟ್ಟಿಗೆ ಮಾತ್ರ ಅದನ್ನು ಎಣಿಸಿರಲಿಲ್ಲ. ಮಲಗಿದ ತಲೆ ಕೇಳಿಸಿಕೊಂಡು, ತೂಗಿ ನೋಡಿ, ಹೆದರುವಂಥದು ಏನೂ ಇಲ್ಲ ಎಂದಾದರೆ ಅದೇ ಅಲೆಯ ಮೇಲೆ ನಿದ್ದೆಯನ್ನು ಕಾಪಾಡಿಕೊಳ್ಳುತ್ತದೆ. ಅಪರಿಚಿತರ ದನಿಗೆ ಎಬ್ಬಿಸುತ್ತದೆ. ನಂಬಿದವರ ದನಿಗೆ ಇನ್ನೂ ಆಳಕ್ಕೆ ಮಲಗಿಸುತ್ತದೆ.

ಹನ್ನೆರಡು ವರ್ಷ ಊರಿಕೊಂಡು ನಡೆದ ಆ ತೀರ್ಮಾನ ಮುರಿಯಿತು. ಅಕ್ಕ ಅಂದು ಕರೆದಳೋ ಇಲ್ಲವೋ, ಅದನ್ನು ಯಾವ ತಂತಿಯೂ ಇನ್ನು ಹೇಳಲಾರದು. ಆದರೆ ಕರೆದಿದ್ದರೆ ತಂಗಿ ಏನು ಮಾಡಿರುತ್ತಿದ್ದಳು ಎಂಬುದು ಪರದೆಯ ಮೇಲಿತ್ತು. ಕೇಳಿಸಿಕೊಂಡಿರುತ್ತಿದ್ದಳು. ಅಕ್ಕ ಇಲ್ಲೇ ಇದ್ದಾಳೆ ಎಂದು ನೆಮ್ಮದಿಯಾಗಿ, ಮಗ್ಗುಲಾಗಿ, ಇನ್ನಷ್ಟು ಚೆನ್ನಾಗಿ ಮಲಗಿರುತ್ತಿದ್ದಳು.

"ಅಲೆ ಬಂದಾಗ ನಾನು ಮಗ್ಗುಲಾದ್ನಾ?" ಎಂದು ಕೇಳಿದಳು.

ಹುಡುಗಿ ನೆಲ ನೋಡಿದಳು. "ನಾಲ್ಕನೇ ಸಲ. ಗೊರಕೆನೂ ಶುರುವಾಯ್ತು."

ವಿಷಯ ಪ್ರೊಫೆಸರಿಗೆ ತಿಳಿಯಲೇಬೇಕಾಗಿತ್ತು, ತಿಳಿಸಿದರು. ಸದ್ದಿನಲ್ಲಿ ಮನುಷ್ಯರ ಮಾತು ಸೇರಿದ್ದರೆ ಆ ಸದ್ದು ಕೆಟ್ಟಂತೆ. ಅವರು ರೇಗಬಹುದಿತ್ತು, ರೇಗಲಿಲ್ಲ. ಇಪ್ಪತ್ತೇಳನ್ನು ತೆಗೆದು ಬೇರೆ ಹಾಕಿ, ಹಳೆಯ ಫಲಿತಾಂಶಗಳನ್ನು ಅದನ್ನು ಬಿಟ್ಟು ಮತ್ತೆ ನೋಡೋಣ ಎಂದಷ್ಟೇ ಹೇಳಿ, ಹೊರಡುವಾಗ ಗೋಂದಮ್ಮನ ಹೆಗಲ ಮೇಲೆ ಒಂದು ಕ್ಷಣ ಕೈಯಿಟ್ಟರು. ಹೊಸ ಸದ್ದನ್ನೂ ಅವಳೇ ಹಿಡಿದು ತಂದಳು, ಪೇಟೆಬೀದಿಯ ಒಂದು ಹೊಲಿಗೆ ಅಂಗಡಿಯಿಂದ. ಈ ಸಲ ಕಣ್ಣು ಮುಚ್ಚಿಕೊಂಡು, ಕಿವಿಯಿಂದ ಕೇಳಿ ಕತ್ತರಿಸಿದಳು. ಅದರಲ್ಲಿ ಯಂತ್ರ ಬಿಟ್ಟರೆ ಬೇರೇನೂ ಇರಲಿಲ್ಲ. ಹತ್ತು ಸಲ ಕೇಳಿದಳು, ಖಂಡಿತ ಇರಲಿಲ್ಲ.

ಅದಾದ ಮೇಲೆ ಹಾಳೆಗಳಲ್ಲಿ ಬಾಗಿಲ ಮಾತು ಬರುವುದು ನಿಂತಿತು. ಒಬ್ಬರು ರೈಲು ಅಂದರು, ಒಬ್ಬರು ಪರೀಕ್ಷೆ ಅಂದರು, ಮತ್ತೊಬ್ಬರು ಹಲ್ಲು ಉದುರಿದ್ದು ಅಂದರು. ಗೋಂದಮ್ಮ ಪ್ರತಿಯೊಂದು ಹಾಳೆಯನ್ನೂ ವರಾಂಡದಲ್ಲಿ ನಿಂತೇ ಓದಿ ಮುಗಿಸಿ, ಆಮೇಲೆ ಫೈಲಿಗೆ ಹಾಕುವಳು.

ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಬಂದಳು. ಅವಳದು ಅಂದು ಎರಡನೆಯ ದಿನ. ತಂತಿ ಕೂರಿಸಿದ್ದಾಯಿತು, ಹೊದಿಕೆ ಹೊದಿಸಿದ್ದಾಯಿತು, ದೀಪ ಆರಿಸಿದ್ದಾಯಿತು. ಗೋಂದಮ್ಮ ಬಾಗಿಲ ಹಿಡಿಗೆ ಕೈಯಿಟ್ಟು ಕಾದಳು. ಒಳಗಿಂದ ಯಾವ ಮಾತೂ ಬರಲಿಲ್ಲ.

"ಬಾಗಿಲು ಹಾಕ್ಲಾ?" ಎಂದು ಕೊನೆಗೆ ತಾನೇ ಕೇಳಿದಳು.

"ಹಾಕಮ್ಮ," ಎಂದಳು ಹೆಂಗಸು, ಆಗಲೇ ನಿದ್ದೆ ಹತ್ತುತ್ತಿದ್ದ ದನಿಯಲ್ಲಿ. "ನಂಗೇನೂ ತೊಂದ್ರೆ ಇಲ್ಲ."

ಪರದೆಯ ಮುಂದೆ ಕೂತಿದ್ದ ಹುಡುಗಿ ಹತ್ತು ನಿಮಿಷ ಕಾದು, ಯಾಕೆ ಇನ್ನೂ ಬರಲಿಲ್ಲ ಎಂದು ಎದ್ದು ಬಂದು ನೋಡಿದಳು. ಗೋಂದಮ್ಮ ಸ್ಟೂಲು ಎಳೆದುಕೊಂಡು ಹೊಸಿಲ ಹತ್ತಿರವೇ ಕೂತಿದ್ದಳು. ಬಾಗಿಲು ಅಂಗೈಯಗಲ ತೆರೆದಿತ್ತು, ಮುಚ್ಚಿಕೊಳ್ಳದ ಹಾಗೆ ಸಂದಿಗೆ ಪಾದ ಕೊಟ್ಟಿದ್ದಳು. ಒಳಗೆ ಆ ಹೆಂಗಸು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಇವತ್ತಿನ ಕೆಲಸ ಕೆಟ್ಟಿತು ಎಂದು ಹೇಳಲು ಹುಡುಗಿ ಬಾಯಿ ತೆರೆದಳು. ಗೋಂದಮ್ಮ ಬೆರಳನ್ನು ತುಟಿಗಿಟ್ಟು, ಸುಮ್ಮನಿರು ಎಂದು ಸನ್ನೆ ಮಾಡಿ, ಮತ್ತೆ ಒಳಗಿನ ಉಸಿರಿಗೆ ಕಿವಿಗೊಟ್ಟು ಕೂತಳು.